ದೋರಸಮುದ್ರದ ಸಿರಿವಂತರು ಎಲ್ಲಿ ವಾಸವಾಗಿದ್ದರು?

ಹಾಸನ ಜಿಲ್ಲೆಯ ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಒಂದೆರಡು ಗಂಟೆಗಳಲ್ಲೇ ಊರು ಬಿಡುತ್ತಾರೆ. ಹೊಯ್ಸಳೇಶ್ವರ ದೇವಾಲಯಕ್ಕೆ ಒಂದು ಸುತ್ತು ಹಾಕಿ, ದೊಡ್ಡ ನಂದಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಸಮಯವಿದ್ದರೆ ಕೇದಾರೇಶ್ವರವನ್ನೂ ನೋಡಿ, 16 ಕಿಲೋಮೀಟರ್ ದೂರದ ಬೇಲೂರಿಗೆ ಹೊರಟುಬಿಡುತ್ತಾರೆ. ಕಲ್ಲಿನಲ್ಲಿ ಅರಳಿದ ಶಿಲ್ಪವನ್ನು ಕಂಡು ಬೆರಗಾಗುವ ಅವರಲ್ಲಿ ಬಹಳ ಮಂದಿಗೆ ಒಂದು ಪ್ರಶ್ನೆ ಹೊಳೆಯುವುದೇ ಇಲ್ಲ. ಇಷ್ಟು ದೊಡ್ಡ ದೇವಾಲಯ ಕಟ್ಟಿಸಿದ ಜನ ಎಲ್ಲಿ ವಾಸವಾಗಿದ್ದರು? ಅವರ ಮನೆಗಳೆಲ್ಲಿ, ಬೀದಿಗಳೆಲ್ಲಿ, ಅಂಗಡಿಗಳೆಲ್ಲಿ?

ಇಂದು ಸಣ್ಣ ಊರಾಗಿರುವ ಹಳೇಬೀಡು ಒಂದು ಕಾಲಕ್ಕೆ ದಕ್ಷಿಣ ಭಾರತದ ದೊಡ್ಡ ನಗರಗಳಲ್ಲಿ ಒಂದು. ಹೆಸರು ದೋರಸಮುದ್ರ. ಕೆಲವು ಶಾಸನಗಳಲ್ಲಿ ದ್ವಾರಸಮುದ್ರ, ದ್ವಾರಾವತಿ. ಸುಮಾರು ಎರಡೂವರೆ ಶತಮಾನ ಕಾಲ ಹೊಯ್ಸಳರ ಆಡಳಿತ ನಡೆದದ್ದು ಇಲ್ಲಿಂದ. ಕಲ್ಲಿನ ಕೋಟೆ, ಕಂದಕ, ಹೆಬ್ಬಾಗಿಲು, ಅರಮನೆ, ಸಂತೆ, ಕೆರೆ, ಹತ್ತಾರು ದೇವಾಲಯ ಮತ್ತು ಬಸದಿಗಳಿದ್ದ ಈ ಪಟ್ಟಣದಲ್ಲಿ ಸಿರಿವಂತರ ಕೇರಿಗಳೂ ಇದ್ದವು. ಅರಸನ ಆಪ್ತರದ್ದು ಒಂದು ಬಗೆಯ ಸಿರಿ, ದಂಡನಾಯಕರದ್ದು ಇನ್ನೊಂದು, ದೂರ ದೇಶಗಳ ಜತೆ ವ್ಯಾಪಾರ ನಡೆಸುತ್ತಿದ್ದ ಸೆಟ್ಟರದ್ದು ಮತ್ತೊಂದು. ಆ ಕೇರಿಗಳ ಒಂದು ಮನೆಯೂ ಇಂದು ನಿಂತಿಲ್ಲ. ಆದರೂ ಅವುಗಳ ಗುರುತು ಪೂರ್ತಿಯಾಗಿ ಅಳಿಸಿಹೋಗಿಲ್ಲ.

ಬೀಡು ನಗರವಾದ ಬಗೆ

‘ಬೀಡು’ ಎಂದರೆ ತಂಗುವ ಸ್ಥಳ, ವಾಸಸ್ಥಾನ. ಅರಸರು ನೆಲೆನಿಂತ ಊರನ್ನು ಹಳಗನ್ನಡ ಶಾಸನಗಳು ‘ನೆಲೆವೀಡು’ ಎಂದು ಕರೆಯುತ್ತವೆ. ನೆಲೆವೀಡು ಪಾಳುಬಿದ್ದ ಮೇಲೆ ಉಳಿದ ಹೆಸರೇ ಹಳೇಬೀಡು, ಅಂದರೆ ಹಳೆಯ ವಾಸಸ್ಥಾನ. ಊರಿನ ಹೆಸರಿನಲ್ಲೇ ಅದರ ಇತಿಹಾಸ ಅಡಗಿದೆ.

ಹೊಯ್ಸಳರು ಮೂಲತಃ ಮಲೆನಾಡಿನವರು. ಇಂದಿನ ಚಿಕ್ಕಮಗಳೂರು ಜಿಲ್ಲೆಯ ಅಂಗಡಿ ಗ್ರಾಮವೇ ಅವರ ಮೊದಲ ನೆಲೆಯಾದ ಸೊಸೆವೂರು ಎಂಬುದು ವಿದ್ವಾಂಸರ ಅಭಿಪ್ರಾಯ. ಅಲ್ಲಿಂದ ಅವರು ಬೇಲೂರಿಗೆ ಇಳಿದರು, 11ನೇ ಶತಮಾನದಲ್ಲಿ ದೋರಸಮುದ್ರದಲ್ಲಿ ನೆಲೆಯೂರಿದರು. ಇಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ದೊಡ್ಡ ಕೆರೆ. ಊರಿನ ಹೆಸರಿನಲ್ಲಿರುವ ‘ಸಮುದ್ರ’ ಈ ಕೆರೆಯೇ. ಮಲೆನಾಡಿನ ಅಂಚು ಮುಗಿದು ಬಯಲುಸೀಮೆ ಆರಂಭವಾಗುವ ಜಾಗದಲ್ಲಿ ವರ್ಷವಿಡೀ ನೀರು ಸಿಗುವುದೆಂದರೆ ಅದು ರಾಜಧಾನಿಗೆ ಬೇಕಾದ ಮೊದಲ ಅನುಕೂಲ.

ವಿಷ್ಣುವರ್ಧನನ ಕಾಲಕ್ಕೆ ಈ ಊರಿನ ಅದೃಷ್ಟ ಖುಲಾಯಿಸಿತು. 1116ರಲ್ಲಿ ಅವನ ಸೇನೆ ಚೋಳರಿಂದ ತಲಕಾಡನ್ನು ಗೆದ್ದುಕೊಂಡಿತು. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ, ಅಂದರೆ ಇಂದಿನ ಚೆನ್ನಕೇಶವನ, ಪ್ರತಿಷ್ಠೆಯಾಯಿತು. ಗೆದ್ದ ನಾಡಿನಿಂದ ಕಪ್ಪಕಾಣಿಕೆ ಬರತೊಡಗಿತು. ಸೈನ್ಯಕ್ಕೆ ಕುದುರೆ ಬೇಕಾಯಿತು, ಅರಮನೆಗೆ ಮುತ್ತು, ಪಟ್ಟೆ, ಕರ್ಪೂರ ಬೇಕಾಯಿತು. ಇವನ್ನೆಲ್ಲ ಪೂರೈಸುವ ವರ್ತಕರು ದೋರಸಮುದ್ರದತ್ತ ಮುಖಮಾಡಿದರು. ಅರಸ, ಸೇನೆ ಮತ್ತು ಸಂತೆ ಒಂದೇ ಕಡೆ ಸೇರಿದಾಗ ನಗರ ಬೆಳೆಯುವುದು ಸಹಜ.

ಮನೆಗೆ ಮಣ್ಣು, ದೇವರಿಗೆ ಕಲ್ಲು

ಹಾಗಾದರೆ ಆ ಶ್ರೀಮಂತರ ಮನೆಗಳು ಏನಾದವು? ಉತ್ತರ ಸರಳ. ಆ ಕಾಲದಲ್ಲಿ ಎಂಥ ಸಿರಿವಂತನೂ ತನ್ನ ಮನೆಯನ್ನು ಬಳಪದ ಕಲ್ಲಿನಲ್ಲಿ ಕೆತ್ತಿಸಿಕೊಳ್ಳುತ್ತಿರಲಿಲ್ಲ. ಕಲ್ಲು ದೇವರಿಗೆ. ಮನುಷ್ಯರಿಗೆ ಮಣ್ಣು, ಇಟ್ಟಿಗೆ, ಮರ. ಮರದ ಕಂಬಗಳ ತೊಟ್ಟಿಮನೆ ಎಷ್ಟೇ ಭವ್ಯವಾಗಿದ್ದರೂ ಬೆಂಕಿ, ಗೆದ್ದಲು, ಮಳೆಗಳ ಎದುರು ಏಳೆಂಟು ಶತಮಾನ ನಿಲ್ಲಲಾರದು. ಸಾಲದ್ದಕ್ಕೆ, ಪಾಳುಬಿದ್ದ ಮನೆಯ ತೊಲೆ, ಬಾಗಿಲು, ಅಡಿಪಾಯದ ಕಲ್ಲು ಎಲ್ಲವೂ ಮುಂದಿನ ತಲೆಮಾರಿನ ಮನೆಗೆ ಸಾಮಗ್ರಿಯಾಗುತ್ತವೆ. ಅರಮನೆಯದ್ದೂ ಇದೇ ಗತಿ. ಅದರ ನಿವೇಶನವನ್ನು ಇಂದು ಗುರುತಿಸಬೇಕಾದದ್ದು ದಿಬ್ಬ ಮತ್ತು ಕಲ್ಲಿನ ಚೂರುಗಳಿಂದ.

ಸಿರಿವಂತರ ಕೇರಿಗಳ ಗುರುತನ್ನು ಉಳಿಸಿದ್ದು ಅವರು ಕಟ್ಟಿಸಿದ ದೇವಾಲಯಗಳು. ಅಂದಿನ ನಗರದಲ್ಲಿ ಒಂದೊಂದು ಸಮುದಾಯ ತನ್ನ ವಾಸದ ಸುತ್ತಮುತ್ತ ತನ್ನ ದೇವರಿಗೆ ನೆಲೆ ಮಾಡಿಕೊಡುತ್ತಿತ್ತು. ಅದರ ನಿತ್ಯಪೂಜೆಗೆ ಎಣ್ಣೆ ಬೇಕು, ಅದಕ್ಕೆ ಗಾಣ ಬೇಕು. ಅರ್ಚಕನಿಗೆ ಮನೆ ಬೇಕು, ಹೂವಿಗೆ ತೋಟ ಬೇಕು. ಹೀಗೆ ದೇವಾಲಯದ ದತ್ತಿಯನ್ನು ಬರೆಯುವ ಶಾಸನದಲ್ಲಿ ಮನೆಯ ನಿವೇಶನ, ಅಂಗಡಿ, ಗಾಣ, ತೋಟ, ಕೆರೆಯ ಕೆಳಗಿನ ಗದ್ದೆ ಎಲ್ಲವೂ ಸಾಲಾಗಿ ಬರುತ್ತವೆ. ಮನೆದೆರೆ, ಗಾಣದೆರೆ, ಮಗ್ಗದೆರೆ, ಅಂಗಡಿದೆರೆ, ಹೆಜ್ಜುಂಕ ಮುಂತಾದ ತೆರಿಗೆಗಳ ಹೆಸರುಗಳು ಕಾಣಸಿಗುತ್ತವೆ. ಇಂಥ ಸಾಲುಗಳನ್ನು ಜೋಡಿಸಿ ನೋಡಿದರೆ ಕಣ್ಮರೆಯಾದ ಬೀದಿಗಳು ಮಸುಕಾಗಿಯಾದರೂ ಕಾಣತೊಡಗುತ್ತವೆ. ಬಿ.ಎಲ್. ರೈಸ್ ಸಂಪಾದಿಸಿ 1902ರಲ್ಲಿ ಹೊರಬಂದ ಹಾಸನ ಜಿಲ್ಲೆಯ ಶಾಸನ ಸಂಪುಟ ಈ ಕೆಲಸಕ್ಕೆ ಇಂದಿಗೂ ಮುಖ್ಯ ಆಕರ.

ಸೆಟ್ಟರ ದೇವರು, ದಂಡನಾಯಕನ ಬಸದಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಅರಸನೇ ಕಟ್ಟಿಸಿದನೆಂದು ಬಹಳ ಮಂದಿ ನಂಬಿದ್ದಾರೆ. ದೇವರಿಗಿರುವ ಹೆಸರೇನೋ ಅರಸನದು. ಆದರೆ ಅದನ್ನು ಕಟ್ಟಿಸಿದ ಕೀರ್ತಿ ಕೇತಮಲ್ಲನಿಗೆ ಸಲ್ಲುತ್ತದೆ. 1121ರ ಹೊತ್ತಿಗೆ ಕೆಲಸ ಆರಂಭವಾಗಿತ್ತು. ಕೇತಮಲ್ಲ ಮತ್ತು ಕೇಸರಸೆಟ್ಟಿ ಮೊದಲಾದ ನಗರದ ಶ್ರೀಮಂತ ಶೈವರ ಹಣವೇ ಈ ಮಹಾಕಾರ್ಯಕ್ಕೆ ಆಧಾರವಾಗಿತ್ತು ಎಂಬುದು ಇತಿಹಾಸಕಾರ ಷ. ಶೆಟ್ಟರ್ ಅವರ ನಿಲುವು. ಬೇಲೂರಿನಲ್ಲಿ ಅರಸ ವಿಷ್ಣುವಿಗೆ ದೊಡ್ಡ ಗುಡಿ ಕಟ್ಟಿಸಿದಾಗ, ರಾಜಧಾನಿಯ ಶೈವ ಸಿರಿವಂತರು ಅದಕ್ಕೆ ಕಡಿಮೆಯಿಲ್ಲದ ಜೋಡಿ ಗುಡಿಯನ್ನು ಎಬ್ಬಿಸಿದರು. ಒಂದರಲ್ಲಿ ಅರಸನ ಹೆಸರಿನ ಹೊಯ್ಸಳೇಶ್ವರ, ಇನ್ನೊಂದರಲ್ಲಿ ರಾಣಿಯ ಹೆಸರಿನ ಶಾಂತಲೇಶ್ವರ. ಹಣ ಪ್ರಜೆಗಳದು, ಹೆಸರು ಪ್ರಭುಗಳದು. ಅರಸನ ಕೃಪೆ ಬೇಕಾದ ವರ್ತಕರಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿತ್ತು?

ಹೊಯ್ಸಳೇಶ್ವರದಿಂದ ಅರ್ಧ ಕಿಲೋಮೀಟರಿನಷ್ಟು ನಡೆದರೆ ಬಸ್ತಿಹಳ್ಳಿ. ಬಸದಿಗಳಿಂದಲೇ ಈ ಹೆಸರು ಬಂದಿದೆ. ಪಾರ್ಶ್ವನಾಥ, ಶಾಂತಿನಾಥ, ಆದಿನಾಥ ಎಂಬ ಮೂರು ಬಸದಿಗಳು ಇಲ್ಲಿ ಅಕ್ಕಪಕ್ಕದಲ್ಲಿವೆ. ಪ್ರವಾಸಿಗರು ಅಪರೂಪಕ್ಕೆ ತಲುಪುವ ಈ ಜಾಗ ಒಂದು ಕಾಲಕ್ಕೆ ರಾಜಧಾನಿಯ ಪ್ರತಿಷ್ಠಿತ ಭಾಗಗಳಲ್ಲಿ ಒಂದಾಗಿತ್ತು ಎಂಬುದನ್ನು ಈ ಬಸದಿಗಳನ್ನು ಕಟ್ಟಿಸಿದವರ ಹೆಸರುಗಳೇ ಸೂಚಿಸುತ್ತವೆ.

ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ. ತಲಕಾಡನ್ನು ಗೆದ್ದ ದಂಡನಾಯಕ ಗಂಗರಾಜನ ಮಗ. ತೀರಿಕೊಂಡ ತಂದೆಯ ನೆನಪಿಗಾಗಿ ಎದ್ದ ಕಟ್ಟಡವಿದು. ಪ್ರತಿಷ್ಠೆಯ ಪ್ರಸಾದವನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಆಗಷ್ಟೇ ಅರಸ ಯುದ್ಧದಲ್ಲಿ ಗೆದ್ದಿದ್ದ, ಅವನಿಗೆ ಗಂಡುಮಗುವೂ ಹುಟ್ಟಿತ್ತು. ಸಂತೋಷಗೊಂಡ ಅರಸ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಒಬ್ಬ ದಂಡನಾಯಕನ ಮನೆತನ ತನ್ನ ಕೇರಿಯ ಬಸದಿಯನ್ನು ಅರಸನ ವಂಶದ ಭಾಗ್ಯದೊಂದಿಗೆ ಬೆಸೆದ ಬಗೆ ಹೀಗಿತ್ತು. ಮುಂದೆ ಕವಿ ಜನ್ನ ಈ ವಿಜಯಪಾರ್ಶ್ವನ ಬಸದಿಗೆ ದ್ವಾರ ಕಟ್ಟಿಸಿದ. ಅವನೂ ಬರೀ ಕವಿಯಲ್ಲ, ಆಸ್ಥಾನದಲ್ಲಿ ಅಧಿಕಾರವಿದ್ದವನು.

ಪಕ್ಕದ ಶಾಂತಿನಾಥ ಬಸದಿ ವೀರಬಲ್ಲಾಳನ ಕಾಲದ್ದು, ಸುಮಾರು 1192ರದ್ದು. ದಂಡನಾಯಕನ ಮನೆತನ ಬಸದಿ ಕಟ್ಟಿಸಿ ಅರವತ್ತು ವರ್ಷಗಳಾಗುವಷ್ಟರಲ್ಲಿ ಇದು ಎದ್ದಿತು. ಮೂರು ಬಸದಿಗಳು ಹೀಗೆ ಒಂದರ ಮಗ್ಗುಲಲ್ಲಿ ಒಂದು ನಿಂತಿರುವುದು ಶ್ರೀಮಂತ ಜೈನರು ಈ ಭಾಗದಲ್ಲಿ ಎರಡು ಮೂರು ತಲೆಮಾರು ನೆಲೆಸಿದ್ದರು ಎಂಬುದಕ್ಕೆ ಸಾಕ್ಷಿಯಂತಿದೆ.

ಇನ್ನೊಂದು ಕುತೂಹಲದ ಸ್ಥಳ ನಗರೇಶ್ವರ. ದಿಬ್ಬಗಳಿಂದ ಕೂಡಿದ್ದ ಈ ಜಾಗದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ದೇವಾಲಯಗಳ ಅಡಿಪಾಯಗಳು ಮೇಲೆ ಬಂದವು. ‘ನಗರ’ ಅಥವಾ ‘ನಕರ’ ಎಂದರೆ ಅಂದಿನ ಭಾಷೆಯಲ್ಲಿ ವರ್ತಕರ ಸಂಘ. ಆ ಸಂಘದ ದೇವರು ನಗರೇಶ್ವರ. ಇಂದು ಜಯನಗರ, ಸದಾಶಿವನಗರ, ಇಂದಿರಾನಗರ ಎಂದು ಬಡಾವಣೆಗಳಿಗೆಲ್ಲ ‘ನಗರ’ ಅಂಟಿಸುವ ನಮಗೆ ಆ ಪದಕ್ಕೆ ಹೀಗೊಂದು ಅಂಗಡಿ ಬೀದಿಯ ಅರ್ಥ ಇದ್ದದ್ದು ಮರೆತೇಹೋಗಿದೆ.

ಒಂದೇ ಮನೆಯಲ್ಲಿ ಎರಡು ಮತ

ಕೇರಿಗಳು ಮತದ ಆಧಾರದ ಮೇಲೆ ಬೇರೆ ಬೇರೆಯಾಗಿದ್ದವು ಎಂದ ಮಾತ್ರಕ್ಕೆ ನಡುವೆ ಗೋಡೆಗಳಿದ್ದವು ಎಂದು ತಿಳಿಯಬೇಕಿಲ್ಲ. ಕನಿಷ್ಠ ಮೇಲ್ವರ್ಗದ ಮನೆಗಳಲ್ಲಿ ಮತಗಳು ಬೆರೆತಿದ್ದವು. ರಾಣಿ ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಎರಡನೆಯ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ ಬ್ರಾಹ್ಮಣ, ಅವನ ಹೆಂಡತಿ ಆಚಲದೇವಿ ಜೈನೆ. ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಆಕೆಯೇ.

ಸಿರಿವಂತ ಮನೆತನದ ಹೆಣ್ಣುಮಕ್ಕಳ ಕೈಯಲ್ಲಿ ಹಣವಿತ್ತು ಎಂಬುದಕ್ಕೆ ಇದೊಂದೇ ನಿದರ್ಶನವಲ್ಲ. ವಿಷ್ಣುವರ್ಧನನ ರಾಜಶ್ರೇಷ್ಠಿಗಳಾಗಿದ್ದ ಪೊಯ್ಸಳಸೆಟ್ಟಿ ಮತ್ತು ನೇಮಿಸೆಟ್ಟಿಯರ ತಾಯಂದಿರಾದ ಮಾಚಿಕಬ್ಬೆ ಮತ್ತು ಶಾಂತಿಕಬ್ಬೆ 1117ರಲ್ಲಿ ಶ್ರವಣಬೆಳಗೊಳದ ತೇರಿನ ಬಸದಿಯನ್ನು ಕಟ್ಟಿಸಿದರು. (ಈ ಮಾಚಿಕಬ್ಬೆ ಶಾಂತಲೆಯ ತಾಯಿಯಲ್ಲ, ಅದೇ ಹೆಸರಿನ ಬೇರೊಬ್ಬಾಕೆ.) ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಕನ್ನಡಿ ನೋಡುವ ಸುಂದರಿಯೂ ಗಿಳಿಯೊಡನೆ ಮಾತಾಡುವವಳೂ ಇದ್ದಾರೆ. ಶಿಲ್ಪಶಾಸ್ತ್ರದ ನಿಯಮ ಏನೇ ಹೇಳಲಿ, ಅವರ ಕೇಶಾಲಂಕಾರ, ಒಡವೆ, ಬಿಡುವು ಎಲ್ಲವೂ ಸಿರಿವಂತ ನಗರಜೀವನದ ಪರಿಚಯವಿದ್ದ ಕೈಗಳು ಕೆತ್ತಿದಂತಿವೆ.

ಸಿರಿಗೆ ಬೆಲೆಯೂ ಇತ್ತು. ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವಿದೆ. ವೀರಬಲ್ಲಾಳನ ಆಪ್ತ ಕುವರಲಕ್ಷ್ಮನ ಸ್ಮಾರಕ ಅದು. 1220ರಲ್ಲಿ ಅರಸ ತೀರಿಕೊಂಡಾಗ ಕುವರಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವರ ಪರಿವಾರದವರು ಪ್ರಾಣ ಕೊಟ್ಟರು. ಅರಸನ ಜೀವಕ್ಕೆ ತಮ್ಮ ಜೀವ ಕಟ್ಟಿಕೊಂಡ ಇಂಥವರನ್ನು ‘ಗರುಡ’ರೆಂದು ಕರೆಯುತ್ತಿದ್ದರು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಆಕೃತಿಗಳು ಕಂಬದ ಮೇಲಿವೆ. ಅರಮನೆಗೆ ಹತ್ತಿರವಿದ್ದವರ ಐಶ್ವರ್ಯ ಎಂಥ ಕರಾರಿನ ಮೇಲೆ ನಿಂತಿತ್ತು ಎಂಬುದನ್ನು ಈ ಕಂಬದಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳುವುದಿಲ್ಲ.

ಅರಸೀಕೆರೆಯ ವರ್ತಕರು

ರಾಜಧಾನಿಯ ಸಿರಿ ರಾಜಧಾನಿಯಲ್ಲೇ ಹುಟ್ಟುತ್ತಿರಲಿಲ್ಲ. ಅದು ಹರಿದುಬರುತ್ತಿದ್ದ ದಾರಿಗಳಲ್ಲಿ ಈಶಾನ್ಯಕ್ಕಿರುವ ಅರಸೀಕೆರೆಯೂ ಒಂದು. ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ‘ಅರಸಿಯಕೆರೆ’ ಎಂಬ ಹೆಸರು ಬಂತು. ಮಲೆಯಾಳದಿಂದ ಬಂದ ವ್ಯಾಪಾರಿಗಳು ಹೊಯ್ಸಳ ನಾಡಿನ ಪಟ್ಟಣಗಳಲ್ಲಿ ನೆಲೆಸಿ ದೊಡ್ಡ ಹೆಸರು ಮಾಡಿದ್ದರು. ಸಮುದ್ರದ ಮೇಲೆ ಹಡಗುಗಳಲ್ಲಿ ಕುದುರೆ, ಆನೆ, ಮುತ್ತು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಯೊಬ್ಬನನ್ನು ಈ ಸೀಮೆಯ ಶಾಸನ ಕೊಂಡಾಡುತ್ತದೆ. ಕಡಲಿನಿಂದ ಇಷ್ಟು ದೂರದ ಬಯಲುಸೀಮೆಯಲ್ಲಿ ಹಡಗಿನ ಮಾತು! ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದಿಳಿದ ಕುದುರೆ ಘಟ್ಟ ಹತ್ತಿ ಹೊಯ್ಸಳ ಲಾಯ ಸೇರುವವರೆಗಿನ ದಾರಿಯುದ್ದಕ್ಕೂ ಹಣ ಕೈ ಬದಲಾಯಿಸುತ್ತಿತ್ತು.

ವರ್ತಕರಿಗೆ ಸಂಘಬಲವೂ ಇತ್ತು. ಅಯ್ಯಾವೊಳೆಯ ಐನೂರ್ವರು, ಉಭಯ ನಾನಾದೇಶಿಗಳು, ಮುಮ್ಮುರಿದಂಡ ಎಂಬ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪಟ್ಟಣದ ವರ್ತಕರ ಮುಖಂಡ ಪಟ್ಟಣಸ್ವಾಮಿ. ವೀರಬಲ್ಲಾಳನ ಪಟ್ಟಣಸ್ವಾಮಿಯಾಗಿದ್ದ ನಾಗದೇವ 1195ರಲ್ಲಿ ಶ್ರವಣಬೆಳಗೊಳದಲ್ಲಿ ನಗರ ಜಿನಾಲಯ ಕಟ್ಟಿಸಿ, ಅದರ ರಕ್ಷಣೆಯನ್ನು ಅಲ್ಲಿನ ವರ್ತಕರಿಗೆ ಒಪ್ಪಿಸಿದ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ದೊಡ್ಡಗದ್ದವಳ್ಳಿಯಲ್ಲಿ ಲಕ್ಷ್ಮೀದೇವಿ ದೇವಾಲಯವನ್ನು 12ನೇ ಶತಮಾನದ ಆರಂಭದಲ್ಲೇ ಕಟ್ಟಿಸಿದ್ದು ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಬೇಲೂರಿನ ಗುಡಿಗಿಂತ ಮೊದಲೇ ಇದು ಎದ್ದಿತ್ತು ಎಂಬುದು ಗಮನಾರ್ಹ.

ಅರಸೀಕೆರೆಯ ಈಶ್ವರ ದೇವಾಲಯ 1220ರ ಸುಮಾರಿನದು. ನಕ್ಷತ್ರಾಕಾರದ ತೆರೆದ ಮಂಟಪ, ಗುಮ್ಮಟದಂತಹ ಚಾವಣಿ ಅದರ ವಿಶೇಷ. ಅದೇ ವರ್ಷದ ಹೊತ್ತಿಗೆ ರೇಚಣ ಎಂಬ ದಂಡನಾಯಕ ಇದೇ ಊರಿನಲ್ಲಿ ಸಹಸ್ರಕೂಟ ಜಿನಾಲಯ ಸ್ಥಾಪಿಸಿದ. ಮೊದಲು ಕಲಚುರಿಗಳ ಬಳಿ ಇದ್ದು, ಅವರ ಪ್ರಭುತ್ವ ಕುಸಿದ ಮೇಲೆ ವೀರಬಲ್ಲಾಳನ ಆಶ್ರಯಕ್ಕೆ ಬಂದವನು ಆತ. ಹೊಸ ಊರಿನಲ್ಲಿ ಹೊಸದಾಗಿ ನೆಲೆಯೂರಲು ಬಂದ ಅಧಿಕಾರಿ ಅಲ್ಲಿನ ಜೈನ ಕುಟುಂಬಗಳ ನಡುವೆ ಸ್ಥಾನ ಗಳಿಸಿದ್ದು ಒಂದು ಬಸದಿಯ ಮೂಲಕ. ಜಿನಾಲಯದ ಬೆಂಬಲಕ್ಕೆ ಊರಿನ ಜೈನರು ಒಟ್ಟಾಗಿ ನಿಂತರು.

ಇನ್ನು ಅಗ್ರಹಾರಗಳು. ಅರಸನೋ ಅಧಿಕಾರಿಯೋ ಒಂದು ಊರನ್ನು ವೃತ್ತಿಗಳಾಗಿ, ಅಂದರೆ ಪಾಲುಗಳಾಗಿ ವಿಂಗಡಿಸಿ, ವಿದ್ವಾಂಸ ಬ್ರಾಹ್ಮಣರಿಗೆ ತೆರಿಗೆಯ ವಿನಾಯಿತಿಯೊಂದಿಗೆ ದಾನ ಮಾಡುತ್ತಿದ್ದ. ಸಾಲುಮನೆಗಳು, ನಡುವೆ ದೇವಾಲಯ, ಹತ್ತಿರದಲ್ಲೇ ಕೆರೆ. ಯಾರು ಎಲ್ಲಿ ವಾಸಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿ ಕಟ್ಟಿದ ವಸತಿ ಇದು. ಇಂದಿನ ಬಡಾವಣೆಗೆ ಹತ್ತಿರದ ಹಳೆಯ ಮಾದರಿ ಹುಡುಕುವುದಾದರೆ ಅದು ಇದೇ. ಸೋಮನಾಥ ದಂಡನಾಯಕ ತನ್ನ ಹೆಸರಿನಲ್ಲೇ ನಿರ್ಮಿಸಿದ ಸೋಮನಾಥಪುರ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿಯೂ ಉಳಿದದ್ದು ಕೇಶವ ದೇವಾಲಯವೇ ಹೊರತು ಅಗ್ರಹಾರದ ಮನೆಗಳಲ್ಲ.

ವಿಧೇಯತೆಯೇ ಗುಣವಾದವರು

13ನೇ ಶತಮಾನದ ಶಾಸನವೊಂದು ಅರಸೀಕೆರೆಯ ವೈಭವವನ್ನು ವರ್ಣಿಸುತ್ತದೆ. ಬ್ರಾಹ್ಮಣರಿಗೆ ವೇದಪಾಂಡಿತ್ಯ, ಕಾವಲಿನವರಿಗೆ ಶೌರ್ಯ, ವರ್ತಕರಿಗೆ ಐಶ್ವರ್ಯ, ಹೆಂಗಸರಿಗೆ ಸೌಂದರ್ಯ ಎಂದು ಒಬ್ಬೊಬ್ಬರಿಗೂ ಒಂದೊಂದು ಗುಣವನ್ನು ಅದು ಆರೋಪಿಸುತ್ತದೆ. ಕೆರೆಗಳ ಆಳ, ತೋಟಗಳ ಹೂವು ಎಲ್ಲವೂ ಬರುತ್ತವೆ. ಈ ಪಟ್ಟಿಯಲ್ಲಿ ಕೂಲಿಗಳಿಗೂ ಒಂದು ಸ್ಥಾನವಿದೆ. ಅವರಿಗೆ ಕೊಟ್ಟ ಗುಣ ಯಾವುದು? ವಿಧೇಯತೆ. ಹೇಳಿದ ಮಾತು ಕೇಳುವುದು.

ಸಿರಿವಂತರ ಕೇರಿಯ ಕಣ್ಣಿನಿಂದ ಊರು ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಶಿಲ್ಪಿಗಳು ಒಂದಿಷ್ಟು ಅದೃಷ್ಟವಂತರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಹೆಸರು ಕೊರೆದುಹೋಗಿದ್ದಾರೆ. ಆದರೆ ಕಲ್ಲನ್ನು ಗಣಿಯಿಂದ ಎಬ್ಬಿಸಿ ಬಂಡಿಗೆ ಹೇರಿದವರು, ಕೆರೆಯ ಹೂಳೆತ್ತಿದವರು, ಗಾಣ ತಿರುಗಿಸಿದವರು, ಘಟ್ಟದ ಮೇಲೆ ಎತ್ತಿನ ಹೇರು ಹೊಡೆದವರು, ಬೀದಿ ಗುಡಿಸಿದವರು ಯಾರು? ಅವರ ಕೇರಿಗಳು ಎಲ್ಲಿದ್ದವು? ಶಾಸನಗಳಲ್ಲಿ ಅವರು ತೆರಿಗೆಯ ಬಾಬಿನಲ್ಲಿ ಬರುತ್ತಾರೆ, ಹೆಸರು ಹಿಡಿದು ಬರುವುದು ಅಪರೂಪ. ಕಲ್ಲಿನ ಗುಡಿ ಕಟ್ಟಿಸುವ ಶಕ್ತಿ ಇಲ್ಲದ ಕೇರಿ ತನ್ನ ವಿಳಾಸವನ್ನೇ ಬಿಟ್ಟುಹೋಗಲಿಲ್ಲ.

‘ಕೇರಿ’ ಎಂಬ ಪದದ ಪಾಡನ್ನೇ ನೋಡಬಹುದು. ಹಳೆಯ ಕನ್ನಡದಲ್ಲಿ ಅದು ಯಾರ ಬೀದಿಗಾದರೂ ಸಲ್ಲುತ್ತಿದ್ದ ಮಾತು. ಬ್ರಾಹ್ಮಣರಿಗೂ ಕೇರಿ, ಸೆಟ್ಟರಿಗೂ ಕೇರಿ. ಕಾಲಕ್ರಮೇಣ ಮೇಲ್ಜಾತಿಯವರ ಬೀದಿ ಅಗ್ರಹಾರವಾಯಿತು, ವ್ಯಾಪಾರಿಗಳದ್ದು ಪೇಟೆಯಾಯಿತು, ಹಣವಂತರದ್ದು ಬಡಾವಣೆಯಾಯಿತು. ಊರಾಚೆಗೆ ಇರಿಸಲ್ಪಟ್ಟವರ ಪಾಲಿಗೆ ಮಾತ್ರ ‘ಕೇರಿ’ಯೇ ಉಳಿಯಿತು. ಹಳ್ಳಿಗಳಲ್ಲಿ ಇಂದು ಕೇರಿ ಎಂದರೆ ಯಾರ ಮನೆಗಳೆಂದು ಯಾರೂ ವಿವರಿಸಬೇಕಿಲ್ಲ.

ಸಿರಿ ಕರಗಿದ ಬಗೆ

1311ರಲ್ಲಿ ದೆಹಲಿಯ ಅಲ್ಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫರ್ ದೋರಸಮುದ್ರದ ಬಾಗಿಲಿಗೆ ಬಂದ. ಮೂರನೆಯ ವೀರಬಲ್ಲಾಳ ಒಪ್ಪಂದ ಮಾಡಿಕೊಂಡು ಭಂಡಾರ, ಆನೆ, ಕುದುರೆಗಳನ್ನು ಒಪ್ಪಿಸಿದ. ಕವಿ ಅಮೀರ್ ಖುಸ್ರು ಈ ದಂಡಯಾತ್ರೆಯನ್ನು ದಾಖಲಿಸಿದ್ದಾನೆ. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್‌ನ ಸೇನೆ ಮತ್ತೊಮ್ಮೆ ದಾಳಿ ಮಾಡಿತು. ಬಲ್ಲಾಳ ತಮಿಳುನಾಡಿನ ತಿರುವಣ್ಣಾಮಲೆಯನ್ನು ತನ್ನ ನೆಲೆ ಮಾಡಿಕೊಂಡ.

ದೋರಸಮುದ್ರದ ಪತನವನ್ನು ಈ ಎರಡು ದಾಳಿಗಳ ಕಥೆಯಾಗಿಯೇ ಹೇಳುವುದು ರೂಢಿ. ಆದರೆ ದಾಳಿಯಿಂದ ಸುಟ್ಟ ಎಷ್ಟೋ ಪಟ್ಟಣಗಳು ಮತ್ತೆ ಎದ್ದು ನಿಂತಿವೆ. ದೋರಸಮುದ್ರ ಏಳಲಿಲ್ಲ. ಅದರ ಸಿರಿವಂತಿಕೆಯ ಬೇರು ಅರಮನೆಯಲ್ಲಿತ್ತು ಎಂಬುದು ಇದಕ್ಕೆ ಮುಖ್ಯ ಕಾರಣ. ಕುದುರೆ ಕೊಳ್ಳುವ ಅರಸನಿಲ್ಲದ ಮೇಲೆ ಕುದುರೆ ಮಾರುವ ಸೆಟ್ಟಿಗೆ ಅಲ್ಲಿ ಏನು ಕೆಲಸ? ಗೆಲ್ಲುವ ಯುದ್ಧವಿಲ್ಲದ ಮೇಲೆ ದಂಡನಾಯಕನ ಮಗನಿಗೆ ಏನು ಆದಾಯ? 14ನೇ ಶತಮಾನದ ನಡುವೆ ತುಂಗಭದ್ರೆಯ ದಡದಲ್ಲಿ ವಿಜಯನಗರ ಎದ್ದಿತು. ಅರಸು, ಸೇನೆ, ಸಂತೆ ಮೂರೂ ಅಲ್ಲಿ ಕೂಡಿದವು. ಸಿರಿ ಹೊಸ ವಿಳಾಸ ಹುಡುಕಿಕೊಂಡಿತು.

ಹಾಗೆಂದು ಊರು ನಿರ್ಜನವಾಗಲಿಲ್ಲ. 1638ರಲ್ಲಿ, ಬೇಲೂರು ನಾಯಕರ ಕಾಲದಲ್ಲಿ, ಇದೇ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ವೀರಶೈವನೊಬ್ಬ ಲಿಂಗಮುದ್ರೆ ಒತ್ತಿದ. ಜೈನರು ದೂರು ಕೊಟ್ಟರು. ಎರಡೂ ಕಡೆಯ ಹಿರಿಯರು ಕುಳಿತು ಇತ್ಯರ್ಥ ಮಾಡಿದರು. ಮೊದಲು ವಿಭೂತಿ ವೀಳ್ಯ ಸಲ್ಲಿಸುವುದು, ಬಳಿಕ ಜೈನರು ತಮ್ಮ ಪೂಜೆ ಉತ್ಸವಗಳನ್ನು ಎಂದಿನಂತೆ ನಡೆಸಿಕೊಳ್ಳುವುದು. ಇದಕ್ಕೆ ಅಡ್ಡಿ ಮಾಡಿದವರು ತಮ್ಮ ಮತಕ್ಕೇ ದ್ರೋಹ ಬಗೆದಂತೆ ಎಂದು ವೀರಶೈವ ಹಿರಿಯರೇ ಶಾಸನ ಬರೆಸಿದರು. ರಾಜಧಾನಿ ಹೋಗಿ ಮುನ್ನೂರು ವರ್ಷಗಳಾದ ಮೇಲೂ ಬಸದಿಯ ಸುತ್ತ ಅದನ್ನು ತಮ್ಮದೆಂದು ಕಾಯುವ ಜನ ಇದ್ದರು, ನೆರೆಹೊರೆಯ ಜಗಳವನ್ನು ನೆರೆಹೊರೆಯವರೇ ತೀರಿಸಿಕೊಳ್ಳುವ ರೂಢಿ ಇತ್ತು ಎಂಬುದಕ್ಕೆ ಈ ಶಾಸನ ಸಾಕ್ಷಿ.

ಅರಸೀಕೆರೆಯ ಭಾಗ್ಯ ಬೇರೆ ರೀತಿಯಲ್ಲಿ ತಿರುಗಿತು. 19ನೇ ಶತಮಾನದ ಕೊನೆಯಲ್ಲಿ ಬಂದ ರೈಲು ಅದನ್ನು ಜಂಕ್ಷನ್ ಮಾಡಿತು. ಕುದುರೆ, ಮುತ್ತುಗಳ ಜಾಗದಲ್ಲಿ ತೆಂಗು, ಕೊಬ್ಬರಿ ಬಂದವು. ಅರಸನ ಕೃಪೆಯನ್ನು ನಂಬದ, ತೋಟ ಮತ್ತು ಮಂಡಿಯನ್ನು ನಂಬಿದ ಈ ವ್ಯಾಪಾರ ಇಂದಿಗೂ ಊರನ್ನು ಹಿಡಿದು ನಿಲ್ಲಿಸಿದೆ.

ಅಂದಿನ ಕೇರಿ, ಇಂದಿನ ಬಡಾವಣೆ

ದೋರಸಮುದ್ರದ ಕಥೆ ಓದುವಾಗ ಬೆಂಗಳೂರು ನೆನಪಾಗದೆ ಇರದು. 1898ರ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಕಿಷ್ಕಿಂಧೆಯಂತಿದ್ದ ಪೇಟೆಯಿಂದ ಅನುಕೂಲಸ್ಥರು ಗಾಳಿ ಬೆಳಕಿನ ಅಗಲ ರಸ್ತೆಗಳಿಗೆ ಬಂದರು. ಅಲ್ಲಿಯೂ ದೇವಸ್ಥಾನವೇ ಬಡಾವಣೆಯ ಗುರುತು. ಬಸವನಗುಡಿಗೆ ದೊಡ್ಡ ಬಸವಣ್ಣ, ಮಲ್ಲೇಶ್ವರಕ್ಕೆ ಕಾಡುಮಲ್ಲೇಶ್ವರ. ಆ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗೆ ಕಿರಿದಾದ ಓಣಿಗಳನ್ನು ಬಿಡಲಾಗಿತ್ತು. ‘ಕನ್ಸರ್ವೆನ್ಸಿ’ ಎಂದು ಅವಕ್ಕೆ ಹೆಸರು. ಮಲ ಹೊರುವವರು, ಕಸ ಎತ್ತುವವರು ಮುಂಬಾಗಿಲಿನ ಬೀದಿಗೆ ಕಾಣಿಸಿಕೊಳ್ಳದೆ ಬಂದುಹೋಗಲು ಮಾಡಿದ ಏರ್ಪಾಡು ಅದು. ಅರಸೀಕೆರೆಯ ಶಾಸನ ದುಡಿಯುವವರನ್ನು ವಿಧೇಯರೆಂದು ಹೊಗಳಿತು, ಏಳು ಶತಮಾನಗಳ ನಂತರದ ನಕ್ಷೆ ಅವರಿಗೆ ಹಿತ್ತಿಲ ಓಣಿ ತೋರಿಸಿತು.

ಹಳೇಬೀಡು, ಬೇಲೂರುಗಳಲ್ಲಿ ಈ ಇತಿಹಾಸ ಬರೀ ಹಳೆಯ ಮಾತಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡವನ್ನು ನಿಷೇಧಿಸುವ, ಅದರಾಚೆ ಇನ್ನೂ 200 ಮೀಟರ್ ವರೆಗೆ ಅನುಮತಿ ಕಡ್ಡಾಯಗೊಳಿಸುವ ತಿದ್ದುಪಡಿ ಕಾನೂನು 2010ರಲ್ಲಿ ಬಂತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿದವು. ನಾಡಿಗೆ ಇದು ಹೆಮ್ಮೆಯ ಸಂಗತಿ, ಸ್ಮಾರಕಗಳಿಗೆ ರಕ್ಷಣೆಯೂ ಹೌದು. ಆದರೆ ಸ್ಮಾರಕದ ಮಗ್ಗುಲಲ್ಲೇ ಹುಟ್ಟಿ ಬೆಳೆದವರಿಗೆ ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಸಬೇಕೆಂದರೂ ಇಲಾಖೆಯ ನಿಯಮ ಎದುರಾಗುತ್ತದೆ. ಒಂದು ಕಾಲಕ್ಕೆ ಗುಡಿಯ ಹತ್ತಿರದ ಮನೆ ಪ್ರತಿಷ್ಠೆಯ ವಿಳಾಸವಾಗಿತ್ತು. ಇಂದು ಅದೇ ವಿಳಾಸ ತೊಡಕೂ ಹೌದು.

ಆ ನಿಯಮಗಳಿಗೂ ಅರ್ಥವಿದೆ. ದೋರಸಮುದ್ರದ ಬೀದಿಗಳ ಬಹುಭಾಗ ಇನ್ನೂ ಹೊಲ, ತೋಟ, ಮನೆಗಳ ಅಡಿಯಲ್ಲಿದೆ. ನಗರೇಶ್ವರದ ದಿಬ್ಬದಂತೆ ಇನ್ನೆಷ್ಟು ದಿಬ್ಬಗಳು ಏನನ್ನು ಹಿಡಿದಿಟ್ಟಿವೆಯೋ ಅಗೆದು ನೋಡಿದ ಮೇಲಷ್ಟೇ ತಿಳಿಯುವಂಥದ್ದು. ಪಾಯ ತೋಡುವ ಯಂತ್ರ ಒಂದು ದಿನದಲ್ಲಿ ಅಳಿಸಿದ್ದನ್ನು ಯಾವ ಶಾಸನ ಸಂಪುಟವೂ ಮರಳಿ ಕೊಡಲಾರದು. ಅಲ್ಲಿ ಸಿಗಬಹುದಾದದ್ದು ಇನ್ನೊಂದು ಮದನಿಕೆಯೇ ಆಗಬೇಕಿಲ್ಲ. ಒಂದು ಒಲೆ, ಒಂದು ಗಾಣದ ಕಲ್ಲು, ಮಡಕೆಯ ಚೂರು, ಮಣ್ಣಿನ ಗೋಡೆಯ ಗುರುತು ಸಿಕ್ಕರೂ ಸಾಕು. ಸಿರಿವಂತರ ಗುಡಿಗಳು ತಮ್ಮ ಕಥೆಯನ್ನು ತಾವೇ ಹೇಳಿಕೊಂಡಿವೆ. ಅವರ ಕುದುರೆಗೆ ಹುಲ್ಲು ಹಾಕಿದವರ, ಅವರ ದೀಪಕ್ಕೆ ಎಣ್ಣೆ ಹಿಂಡಿದವರ ಮನೆಗಳ ಬಗ್ಗೆ ಮಾತಾಡಲು ಉಳಿದಿರುವುದು ಆ ಮಣ್ಣೊಂದೇ.